ಕರಿ ಪರದೆಯ ಮೇಡಂ

ಮೇಡಂ ಅವರ ಬೀಳ್ಕೊಡುಗೆ ಸಮಾರಂಭದಲ್ಲಿ ಮಾತಾಡಿದವರೆಲ್ಲ ಅವರನ್ನು ಶಿಸ್ತಿನ ಸಿಪಾಯಿ ಎಂದರು. ಒಬ್ಬರು ‘ಮೌನ ಸಾಧಕಿ’ ಎಂದಾಗ ವೇದಿಕೆಯ ಮೇಲೆ ಕೂತಿದ್ದ ಅವರೇ ಅತ್ತಿತ್ತ ತಿರುಗಿ, ಯಾರ ಬಗ್ಗೆ ಹೇಳುತ್ತಿದ್ದಾರೆಂದು ನೋಡಿದರು. ಮೌನಕ್ಕೂ ಅವರಿಗೂ ಪರಿಚಯವೇ ಇರಲಿಲ್ಲ. ನನ್ನ ಸರದಿ ಬರುವ ಹೊತ್ತಿಗೆ ಊಟದ ಹೊತ್ತು ಮೀರಿ, ಅಡುಗೆಯ ಘಮ ಸಭೆಯೊಳಗೆ ಬಂದು ಕೂತಿತ್ತು. ನಾನು ನಮಸ್ಕಾರ ಹೇಳಿ ಇಳಿದುಬಿಟ್ಟೆ. ಆವತ್ತು ಹೇಳದೆ ಉಳಿದದ್ದನ್ನು ಈಗ ಹೇಳುತ್ತಿದ್ದೇನೆ.

ಕೊಟ್ಟೂರಿನ ನಮ್ಮ ಕಾಲೇಜಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ದಿನಾ ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಗಂಜಿ ಹಾಕಿದ ಕೈಮಗ್ಗದ ಸೀರೆ, ಮೂಗಿನ ತುದಿಗೆ ಜಾರಿದ ದಪ್ಪ ಕನ್ನಡಕ, ಬೆರಳ ಸಂದಿಯಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು. ಊಟ ಮಾಡುವಾಗ ಕೂಡ ಆ ತುಂಡು ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು. ಒಮ್ಮೆ ಮಾತಿನ ಭರದಲ್ಲಿ ಅದನ್ನೇ ಶೇಂಗಾ ಚಟ್ನಿಯಲ್ಲಿ ಅದ್ದಿ ಬಾಯಿತನಕ ಒಯ್ದಿದ್ದನ್ನು ಸ್ಟಾಫ್ ರೂಮಿನಲ್ಲಿದ್ದವರೆಲ್ಲ ನೋಡಿದ್ದೇವೆ. ಯಾರು ಏನು ಹೇಳಿದರೂ ಅವರ ಉತ್ತರ ಒಂದೇ: “ಮುಂದ?” ಹುಡುಗರು ಲೆಕ್ಕದ ನಡುವೆ ನಿಂತರೂ “ಮುಂದ?” ನಾನು ಮಗಳಿಗೆ ಜ್ವರ ಬಂದಿದೆ ಎಂದಾಗಲೂ “ಮುಂದ?” ಅದರಲ್ಲಿ ಒರಟುತನ ಇರಲಿಲ್ಲ. ಯಾವುದನ್ನಾದರೂ ಅರ್ಧಕ್ಕೆ ಬಿಟ್ಟರೆ ಅವರಿಗೆ ತಡೆಯಲಾಗುತ್ತಿರಲಿಲ್ಲ, ಅಷ್ಟೆ.

ತೊಂಬತ್ತರ ದಶಕದ ಕೊನೆಯ ಮಾತು. ಹೊಸಪೇಟೆಯ ಯಾವುದೋ ಕಚೇರಿಯವರು ಬೇಡವೆಂದು ತೆಗೆದಿಟ್ಟಿದ್ದ ಹಳೆಯ ಕಂಪ್ಯೂಟರುಗಳು, ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರ ಪರಿಚಯದಿಂದ ಕಾಲೇಜಿಗೆ ಬಂದವು. ಅವನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಎದ್ದಾಗ ಪ್ರಿನ್ಸಿಪಾಲರು ಒಂದೇ ಮಾತಿನಲ್ಲಿ ಮುಗಿಸಿದರು.

“ಕಂಪ್ಯೂಟರ್ ಅಂದ್ರ ಲೆಕ್ಕ. ಲೆಕ್ಕ ಅಂದ್ರ ನೀವು.”

“ಲೆಕ್ಕ ಕಿರಾಣಿ ಅಂಗಡಿಯವರೂ ಮಾಡ್ತಾರ್ರಿ, ಅವ್ರಿಗೇ ಕೊಡ್ರಿ,” ಎಂದರು ಇವರು. ಆದರೂ ಕಂಪ್ಯೂಟರ್ ಲ್ಯಾಬಿನ ಕೀಲಿಕೈ ಇಸಿದುಕೊಂಡರು.

ಯಂತ್ರಗಳನ್ನು ಜೋಡಿಸಲು ಬಂದ ಹುಡುಗ ಎಂಜಿನಿಯರು, “ಇವು ಹಳೇವು ಮೇಡಂ, ಬಣ್ಣದ ವಿಂಡೋಸ್ ಇದ್ರಾಗ ತಾಳಂಗಿಲ್ಲ,” ಎಂದು ಹೇಳಿ ಅದರ ಬದಲು ಲಿನಕ್ಸ್ ಎಂಬುದನ್ನು ಹಾಕಿಕೊಟ್ಟ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿನ ಬಾಣವಿಲ್ಲ. ಕರಿ ಪರದೆ, ಅದರ ಮೇಲೆ ಬಿಳಿ ಅಕ್ಷರ. ಏನು ಬೇಕಾದರೂ ಟೈಪು ಮಾಡಿಯೇ ಕೇಳಬೇಕು. ಹೊರಡುವಾಗ ಅವನು ಎರಡು ಉಪದೇಶ ಕೊಟ್ಟ. ಏನಾದರೂ ಗೊತ್ತಾಗದಿದ್ದರೆ ‘ಮ್ಯಾನ್’ ಎಂದು ಹೊಡೆದು ಆ ವಿಷಯದ ಹೆಸರು ಬರೆದರೆ, ಅದರ ಕೈಪಿಡಿ ಪರದೆಯ ಮೇಲೆ ಬರುತ್ತದೆ. ಇನ್ನೊಂದು, ಯಂತ್ರ ಓಡುತ್ತಿರುವಾಗ ಸ್ವಿಚ್ ಆರಿಸಬಾರದು, ಆರಿಸಿದರೆ ಒಳಗಿರುವುದೆಲ್ಲ ಕೆಟ್ಟುಹೋದೀತು. ಇಷ್ಟು ಹೇಳಿ ಅವನು ಹೊಸಪೇಟೆಯ ಬಸ್ಸು ಹತ್ತಿದ.

ಅವನು ಹೋದ ಮೇಲೆ ಮೇಡಂ ‘ಮ್ಯಾನ್’ ಹೊಡೆದು, ವಿಷಯದ ಹೆಸರಾಗಿಯೂ ‘ಮ್ಯಾನ್’ ಎಂದೇ ಬರೆದರು. ಕೈಪಿಡಿ ಬಂತು. ಸ್ಪೇಸ್ ಒತ್ತಿದಾಗ ಒಂದು ಪರದೆಯಷ್ಟು ಮುಂದೆ ಹೋಯಿತು. ಖುಷಿಯಾಗಿ ಒತ್ತುತ್ತ ಓದುತ್ತ ಹೋದರು. ಕೊನೆಗೆ ಪರದೆಯ ಬುಡದಲ್ಲಿ ‘ಎಂಡ್’ ಎಂದು ಬಂದು ನಿಂತಿತು. ಎಂಟರ್ ಒತ್ತಿದರು, ಎಂಡ್. ಸ್ಪೇಸ್ ಒತ್ತಿದರು, ಎಂಡ್. ಇಂಗ್ಲಿಷಿನಲ್ಲಿ ‘ಬೈ’ ಎಂದು ಟೈಪು ಮಾಡಿದರೆ ಪರದೆ ಹಿಂದಕ್ಕೆ ಜಿಗಿಯಿತು, ಸ್ಪೇಸ್ ಒತ್ತಿದರೆ ಮತ್ತೆ ಅಲ್ಲಿಗೇ ಬಂತು.

ಸಂಜೆ ನಾನು ಮನೆಗೆ ಹೊರಟಾಗ ಲ್ಯಾಬಿನಲ್ಲಿ ದೀಪ ಉರಿಯುತ್ತಿತ್ತು. ಇಣುಕಿದೆ. ಮೇಡಂ ಕೈಕಟ್ಟಿಕೊಂಡು, ಮಾತು ಕೇಳದ ವಿದ್ಯಾರ್ಥಿಯ ಮುಂದೆ ಕೂತಂತೆ ಕಂಪ್ಯೂಟರಿನ ಮುಂದೆ ಕೂತಿದ್ದರು.

“ಬಸ್ಸು ಹೋಗ್ತೈತಿ ಮೇಡಂ.”

“ಹೋಗ್ಲಿ. ಇದು ನೋಡ್ರಿ ಸರ್, ಮುಗೀತು ಅಂತ ತಾನೇ ಬರ್ದೈತಿ, ಆದ್ರ ಬಿಡವಲ್ದು. ಥೇಟ್ ನಮ್ಮ ಸ್ಟಾಫ್ ಮೀಟಿಂಗ್.”

“ಸ್ವಿಚ್ ಆರಿಸಿಬಿಡೋಣ?”

“ಆರಿಸಬ್ಯಾಡ್ರಿ ಅಂದಾನ ಆ ಹುಡುಗ. ಕೆಟ್ರ ಯಾರು ಜವಾಬ್ದಾರಿ?”

ದಿನಾ ತಪ್ಪದೆ ಹೋಗುವ ಕರೆಂಟು ಆವತ್ತು ಒಂದು ದಿನ ಹೋಗಲಿಲ್ಲ. ಹೋಗಿದ್ದರೆ ಅವರ ಬಿಡುಗಡೆಯಾಗುತ್ತಿತ್ತು. ಕಡೆಗೆ ಯಂತ್ರವನ್ನು ಹಾಗೆಯೇ ಬಿಟ್ಟು, ಕೊನೆಯ ಬಸ್ಸೂ ತಪ್ಪಿಹೋಗಿ, ಕಾಲೇಜಿನ ಹಿಂದೆಯೇ ಇದ್ದ ನಮ್ಮ ಮನೆಗೆ ಬಂದರು. ಹರಪನಹಳ್ಳಿಗೆ ಫೋನ್ ಮಾಡಿ ಗಂಡನಿಗೆ ವಿಷಯ ತಿಳಿಸಿದರು. ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ ಅವರು ಮಿತಭಾಷಿ. “ಆತು” ಎಂದು ಇಟ್ಟರಂತೆ. ನನ್ನ ಹೆಂಡತಿ ನೀರು ಕೊಡುತ್ತ, “ಯಾಕಕ್ಕಾರ, ಇಷ್ಟೊತ್ತು ಮಾಡಿದ್ರಿ?” ಎಂದಳು.

“ಏನ್ ಹೇಳ್ಲಮ್ಮ, ಮ್ಯಾನ್ ಬಿಡ್ಲೇ ಇಲ್ಲ.”

ಹೆಂಡತಿಯ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. “ಯಾವನಕ್ಕಾರ ಅವನು? ಇವ್ರು ಅಲ್ಲೇ ಇದ್ರಲ್ಲ, ಎರಡು ಬಾರಿಸೋದು ಬಿಟ್ಟು ಏನ್ ಮಾಡ್ತಿದ್ರು?”

ಅದು ಮನುಷ್ಯನಲ್ಲ, ಕೈಪಿಡಿ ಎಂದು ಬಿಡಿಸಿ ಹೇಳುವಷ್ಟರಲ್ಲಿ ನನ್ನ ರೊಟ್ಟಿ ತಣ್ಣಗಾಗಿತ್ತು.

ಬೆಳಗ್ಗೆ ಇಬ್ಬರೂ ಲ್ಯಾಬಿಗೆ ಹೋದೆವು. ‘ಎಂಡ್’ ಹಾಗೆಯೇ ಕಾಯುತ್ತಿತ್ತು. “ನೀವು ಒಂದು ಕೀಲಿ ಒತ್ರಿ ಸರ್,” ಎಂದರು. “ನೀವು ಕನ್ನಡದವರು, ನಿಮ್ಮಿಂದ ಕೆಟ್ರ ಯಾರೂ ಏನೂ ಅನ್ನಂಗಿಲ್ಲ.” ನಾನು ಕಣ್ಣು ಮುಚ್ಚಿ ಒಂದರ ಮೇಲೆ ಬೆರಳಿಟ್ಟೆ. ಅದು ‘ಎಚ್’ ಆಗಿತ್ತು. ಪರದೆ ಬದಲಾಗಿ, ಯಾವ ಅಕ್ಷರ ಒತ್ತಿದರೆ ಏನಾಗುತ್ತದೆ ಎಂಬ ದೊಡ್ಡ ವಿವರಣೆ ಬಂತು. ಮೇಲಿನ ಸಾಲುಗಳಲ್ಲೇ ಇತ್ತು, ಹೊರಗೆ ಬರಲು ‘ಕ್ಯೂ’.

“ಸಿಕ್ತಲ್ಲ ಮೇಡಂ, ಒತ್ರಿ!”

“ತಡೀರಿ. ಪೂರ್ತಿ ಓದದ ಹೊರಗ ಬರಬಾರ್ದು.”

ಹಾಗೆ ಅಷ್ಟನ್ನೂ ಓದಿದ ಮೇಲೆಯೇ ಕ್ಯೂ ಒತ್ತಿದ್ದು. ಆವತ್ತು ಅವರಿಗೆ ಗೊತ್ತಾದದ್ದು ಏನೆಂದರೆ, ತಮ್ಮನ್ನು ಹಿಡಿದುಕೊಂಡದ್ದು ‘ಮ್ಯಾನ್’ ಅಲ್ಲ, ‘ಲೆಸ್’. ಮ್ಯಾನ್ ಕೈಪಿಡಿಯನ್ನು ತಂದು ಕೊಡುತ್ತದೆ ಅಷ್ಟೆ. ಅದನ್ನು ಪರದೆಯಷ್ಟು ಪರದೆಯಷ್ಟೇ ಹಿಡಿದು ತೋರಿಸುವ ಪುಟ್ಟ ಪ್ರೋಗ್ರಾಮಿನ ಹೆಸರು ಲೆಸ್. ಸ್ಪೇಸ್ ಒತ್ತಿದರೆ ಮುಂದಕ್ಕೆ, ‘ಬಿ’ ಒತ್ತಿದರೆ ಹಿಂದಕ್ಕೆ. ಓರೆಗೀಟು ಹಾಕಿ ಒಂದು ಪದ ಬರೆದರೆ, ಆ ಪದ ಎಲ್ಲಿದೆಯೋ ಅಲ್ಲಿಗೆ ಒಯ್ದು ನಿಲ್ಲಿಸುತ್ತದೆ. ಎಷ್ಟು ಉದ್ದದ ಬರಹವಾದರೂ ಸರಿ, ಅದಕ್ಕೆ ದಣಿವಿಲ್ಲ. ಮೇಡಂಗೆ ಅದು ಹಿಡಿಸಿಬಿಟ್ಟಿತು. ಹಳೆಯ ‘ಮೋರ್’ ಎಂಬ ಪ್ರೋಗ್ರಾಂ ಸಾಲದೆಂದು ಈ ಲೆಸ್ ಮಾಡಿದರಂತೆ ಎಂದು ಪ್ರಿನ್ಸಿಪಾಲರಿಗೂ ವಿವರಿಸಿದರು. ಅವರ ಮುಖ ಸಣ್ಣದಾಯಿತು.

“ಮೋರ್ ಇದ್ದದ್ದು ಬಿಟ್ಟು ಲೆಸ್ ಯಾಕ್ ಹಾಕ್ಯಾನ್ರಿ ಆ ಹುಡುಗ? ಹಳೇ ಮಷಿನ್ನು ಅಂತ ನಮಗ ಕಡಿಮಿ ಕೊಟ್ಟು ಹೋದ್ನೇನು?”

ಅಲ್ಲಿಂದ ಮುಂದೆ ಮೇಡಂ ಬದುಕೆಲ್ಲ ಲೆಸ್‌ನೊಳಗೆ ಹೋಯಿತು. ತಮ್ಮ ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ವೇಳಾಪಟ್ಟಿ ಎಲ್ಲವನ್ನೂ ವಿದ್ಯಾರ್ಥಿನಿಯರಿಂದ ಟೈಪು ಮಾಡಿಸಿ, ಕರಿ ಪರದೆಯಲ್ಲೇ ಓದತೊಡಗಿದರು. ಕೂಡ್ಲಿಗಿ ಕಡೆಯ ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರು ಏನು ಕೇಳಿದರೂ ಮೇಡಂ ನೇರವಾಗಿ ಉತ್ತರ ಹೇಳುತ್ತಿರಲಿಲ್ಲ. ಕೈಪಿಡಿ ತೆಗೆಸಿ, ಸೀಮೆಸುಣ್ಣದಿಂದ ಪರದೆಗೆ ಕುಟ್ಟಿ, “ಮುಂದ?” ಎನ್ನುತ್ತಿದ್ದರು. ಎಲ್ಲ ಮಾನಿಟರುಗಳ ಮೇಲೂ ಸುಣ್ಣದ ಚುಕ್ಕೆಗಳಿದ್ದವು. ಆ ಹುಡುಗಿಯರಿಗೆ ಇಂಗ್ಲಿಷ್ ಬಂದದ್ದು ಇಂಗ್ಲಿಷ್ ಕ್ಲಾಸಿನಲ್ಲಿ ಅಲ್ಲ, ಅಲ್ಲಿ.

ಆದರೆ ಊರಿನಲ್ಲಿ ಗೊಣಗಾಟ ಶುರುವಾಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಗುಲಾಬಿ ಹೂವು ಬರೆಸುತ್ತಾರಂತೆ, ಹಾಡು ಕೇಳಿಸುತ್ತಾರಂತೆ. ಕೋಗಳಿಯಿಂದ ಬಂದ ಒಬ್ಬ ತಂದೆ ಪ್ರಿನ್ಸಿಪಾಲರ ಮುಂದೆ ನಿಂತು, “ನಮ್ ಹುಡುಗಿಗೆ ಬರೀ ಕರಿ ಪರದಿ ತೋರ್ಸಿ ಕಳಿಸ್ತಾರ್ರಿ, ಸಿನಿಮಾ ಶುರು ಆಗೂದ್ರಾಗ ಎಬ್ಬಿಸಿದಂಗ,” ಎಂದ. ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿ, ಬಣ್ಣದ ಯಂತ್ರ ತರಿಸೋಣ ಎಂದರು. ಮೇಡಂ ಸಿಡಿದರು.

“ಕರಿ ಹಲಗಿ ಮ್ಯಾಲೆ ಬಿಳಿ ಅಕ್ಷರದಾಗ ಕಲ್ತೇ ನೀವು ಪ್ರಿನ್ಸಿಪಾಲ್ ಆಗೀರಿ. ಆಗ ಯಾರರ ಬಣ್ಣ ಕೇಳಿದ್ರೇನು?”

ಇದು ಅವರ ಹಟವೆಂದೇ ನಾವೆಲ್ಲ ತಿಳಿದಿದ್ದೆವು. ಅವರ ಹಟಗಳು ಬಹಳ ಇದ್ದವು. ಹುಡುಗರ ನೋಟ್‌ಬುಕ್ ನೋಡುತ್ತಿರಲಿಲ್ಲ, “ಬೋರ್ಡಿಗೆ ಬಂದು ಬರಿ” ಎನ್ನುತ್ತಿದ್ದರು. ಪರೀಕ್ಷೆಯ ಪತ್ರಿಕೆ ತಿದ್ದುವ ಕೆಲಸಕ್ಕೆ ಕರೆದರೆ ಸೊಂಟನೋವು. ಸುತ್ತೋಲೆ ಬಂದರೆ ನನ್ನ ಮುಂದೆ ತಳ್ಳುತ್ತಿದ್ದರು. “ನೀವು ಓದ್ರಿ ಸರ್, ನಿಮ್ಮ ಉಚ್ಚಾರ ಭಾಳ ಛಲೋ ಐತಿ.” ನಾನು ಗಂಟಲು ಸರಿಮಾಡಿಕೊಂಡು, ಅಲ್ಪಪ್ರಾಣ ಮಹಾಪ್ರಾಣ ಬೇರೆಬೇರೆ ಕೇಳಿಸುವಂತೆ, ರಜೆಯ ಪಟ್ಟಿಯನ್ನು ಕಾವ್ಯದಂತೆ ಓದುತ್ತಿದ್ದೆ.

ಬಣ್ಣದ ವಿಷಯ ಅಧ್ಯಕ್ಷರ ತನಕ ಹೋಯಿತು. ಅವರು ಕೊಟ್ಟೂರಿನ ಹಳೆಯ ಮನೆತನದ ದೊಡ್ಡ ವ್ಯಾಪಾರಸ್ಥರು. ದಾವಣಗೆರೆಯಿಂದ ಮಾರಾಟದವನೊಬ್ಬನನ್ನು ಹೊಸ ಯಂತ್ರದ ಸಮೇತ ಕರೆಸಿ, ಎಲ್ಲರೆದುರಿಗೇ ನೋಡಿ ತೀರ್ಮಾನಿಸೋಣ ಎಂದರು. ಮಾರಾಟದವನು ಟೈ ಕಟ್ಟಿಕೊಂಡು ಬಂದು, ಕಾಲೇಜಿನ ಇಂಗ್ಲಿಷ್ ವಾರ್ಷಿಕ ವರದಿಯನ್ನು ಬೆಳ್ಳಗೆ ಹೊಳೆಯುವ ಪರದೆಯ ಮೇಲೆ ತೆರೆದು, “ಮೇಡಂ ಓದಲಿ, ಎಷ್ಟು ಕ್ಲಿಯರ್ ಇದೆ ನೋಡಿ,” ಎಂದ.

ಮೇಡಂ ಎದ್ದು ಹೋಗಿ ಪರದೆಯ ಮುಂದೆ ನಿಂತರು. ಕನ್ನಡಕ ಮೇಲೆ ಮಾಡಿದರು, ಕೆಳಗೆ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಅವರ ದೃಷ್ಟಿ ಅಕ್ಷರಗಳ ಮೇಲೆ ಇರಲಿಲ್ಲ, ಬರಿ ಅಂಚಿನ ಮೇಲೆ ಅಲೆದಾಡುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇಷ್ಟು ದಿನ ನನ್ನ ಉಚ್ಚಾರಕ್ಕೆ ಸಿಕ್ಕ ಹೊಗಳಿಕೆಯ ಅರ್ಥ ಆಗ ಆಯಿತು.

“ಇದನ್ನ ನನ್ನ ಮಷಿನ್ನಿಗೆ ಹಾಕಿಕೊಡಪ್ಪ, ಓದ್ತೀನಿ,” ಎಂದರು, ದನಿ ಸ್ವಲ್ಪವೂ ನಡುಗದೆ.

ಅವನು ಫ್ಲಾಪಿಯಲ್ಲಿ ಹಾಕಿಕೊಟ್ಟ. ಲೆಸ್ ತೆರೆಯಲಿಲ್ಲ. ಇದು ಓದುವ ಬರಹದಂತಿಲ್ಲ, ಆದರೂ ನೋಡುತ್ತೀರಾ ಎಂದು ಕೇಳಿತು. “ಎಷ್ಟು ಮರ್ಯಾದಿ ನೋಡ್ರಿ, ಕೇಳಿ ತೋರಿಸ್ತೈತಿ,” ಎಂದು ಮೇಡಂ ‘ವೈ’ ಒತ್ತಿದರು. ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು ಕುಣಿದವು. ಅಧ್ಯಕ್ಷರು, “ನಮ್ ವರದಿ ಹಿಂಗ ಬರದೀರೇನ್ರಿ?” ಎಂದು ಪ್ರಿನ್ಸಿಪಾಲರ ಕಡೆ ನೋಡಿದರು. ಮಾರಾಟದವನು ಬೆವರು ಒರೆಸಿಕೊಂಡು ಬರಿ ಅಕ್ಷರಗಳ ಕಡತವಾಗಿ ಮತ್ತೆ ಹಾಕಿಕೊಟ್ಟ. ಈಗ ಕರಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಮೇಡಂ ಗಡಗಡನೆ ಓದುತ್ತ ಹೋದರು. ಅಧ್ಯಕ್ಷರಿಗೆ ಇಂಗ್ಲಿಷಿನ ಮೇಲೆ ಅಷ್ಟು ಒಲವಿಲ್ಲ. ನಡುವೆ ಬಾಯಿ ಹಾಕಿದರು.

“ಅದಿರ್ಲಿ ಮೇಡಮ್ಮೋರೆ, ಇದ್ರಾಗ ನನ್ನ ಹೆಸರು ಎಲ್ಲೈತಿ?”

ಮೇಡಂ ಓರೆಗೀಟು ಹಾಕಿ ಅವರ ಹೆಸರು ಹೊಡೆದರು. ಅಂಥದ್ದು ಸಿಗಲಿಲ್ಲ ಎಂದು ಬುಡದಲ್ಲಿ ಬಂತು. ಅಷ್ಟು ಇಂಗ್ಲಿಷು ಅಧ್ಯಕ್ಷರಿಗೂ ಬರುತ್ತಿತ್ತು. ಪ್ರಿನ್ಸಿಪಾಲರು ಗೋಡೆಗೆ ಅಂಟಿಕೊಂಡರು. ಮೇಡಂ ಒಂದು ಗಳಿಗೆ ಯೋಚಿಸಿ ಹೇಳಿದರು:

“ನಿಮ್ಮ ಹೆಸರು ಸಣ್ಣ ಅಕ್ಷರದಾಗ ಹುಡುಕಿದ್ರ ಸಿಗಂಗಿಲ್ರಿ. ದೊಡ್ಡ ಅಕ್ಷರದಾಗ ಹುಡುಕಬೇಕು.”

ಹಾಗೆ ಹೊಡೆದದ್ದೇ ತಡ, ಪರದೆ ಜಿಗಿದು ಅಧ್ಯಕ್ಷರ ಹೆಸರಿನ ಮೇಲೆ ನಿಂತಿತು. ‘ಎನ್’ ಒತ್ತಿದರೆ ಇನ್ನೊಂದು ಕಡೆ, ಮತ್ತೆ ಒತ್ತಿದರೆ ಮತ್ತೊಂದು ಕಡೆ. ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೂತು, “ಒತ್ರಿ, ಇನ್ನೊಮ್ಮೆ ಒತ್ರಿ,” ಎನ್ನುತ್ತ ಹೋದರು. ಎಲ್ಲ ಮುಗಿದ ಮೇಲೆ ಎದ್ದು, “ಛಲೋ ಐತಲ್ರಿ ಇದು! ಇದ್ಯಾಕ್ ತೆಗೀತೀರಿ?” ಎಂದರು. ಮಾರಾಟದವನ ಮುಖ ಇಳಿಯಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅಧ್ಯಕ್ಷರು ಬಾಗಿಲಲ್ಲಿ ತಿರುಗಿ ನಿಂತರು. “ಈ ಸಲ ವಾರ್ಷಿಕೋತ್ಸವದಾಗ ವರದಿ ನೀವೇ ಓದಬೇಕು ಮೇಡಮ್ಮೋರೆ. ಸ್ಟೇಜಿನ ಮ್ಯಾಲೆ. ಎಲ್ಲಾರ ಮುಂದ.”

ಎಲ್ಲರೂ ಹೋದ ಮೇಲೆ ಲ್ಯಾಬಿನಲ್ಲಿ ನಾವಿಬ್ಬರೇ ಉಳಿದೆವು.

“ಎಷ್ಟು ದಿನದಿಂದ ಮೇಡಂ?” ಎಂದೆ.

ಅವರು ಸುಳ್ಳು ಹೇಳಲಿಲ್ಲ. “ಭಾಳ ದಿನ ಆತು. ಕರಿ ಮ್ಯಾಲೆ ಬಿಳಿ ಇದ್ರ ಕಾಣ್ತೈತಿ. ಬಿಳಿ ಹಾಳಿ ಕೈಯಾಗ ಹಿಡಿದ್ರ ಬರೀ ಬೆಳಕು ಸರ್, ದೀಪದ ಮುಂದ ಮುಖ ಇಟ್ಟಂಗ. ಪೊರಿ ಬಂದೈತಿ ಅಂದಾರ ಡಾಕ್ಟ್ರು.”

“ಆಪರೇಷನ್ ಮಾಡಿಸಿಕೊಳ್ರಿ.”

“ಕೆಟ್ರ? ಇರೋ ಇಷ್ಟೂ ಹೋದ್ರ? ಕಣ್ಣಿಲ್ಲದಾಕಿ ಅಂತ ಗೊತ್ತಾದ್ರ ಲ್ಯಾಬ್ ಕೀಲಿ ಇಸ್ಕೊಂಡು ಮನಿಗೆ ಕಳಿಸ್ತಾರ. ಈ ಹುಡುಗ್ಯಾರ ಗತಿ ಏನು, ಗುಲಾಬಿ ಹೂ ಬರಕೊಂಡು ಕುಂದರಬೇಕೇನು?” ಆಮೇಲೆ, ನಾನು ಹಿಂದೆಂದೂ ಕೇಳಿರದ ಸಣ್ಣ ದನಿಯಲ್ಲಿ, “ಯಾರ ಮುಂದನೂ ಅನ್ನಬ್ಯಾಡ್ರಿ,” ಎಂದರು.

ವಾರ್ಷಿಕೋತ್ಸವಕ್ಕೆ ಅವರು ಕಂಡುಕೊಂಡ ಉಪಾಯ ಕಂಪ್ಯೂಟರನ್ನೇ ವೇದಿಕೆಗೆ ಹೊರಿಸುವುದು. ಪ್ರಿನ್ಸಿಪಾಲರಿಗೆ ಇದು ಬಹಳ ಮೆಚ್ಚಿಗೆಯಾಗಿ, ಯಂತ್ರಕ್ಕೆ ಕುಂಕುಮ ಹಚ್ಚಿಸಿ ಸೇವಂತಿಗೆ ಹಾರ ಹಾಕಿಸಿದರು. ಹಾರ ಪರದೆಗೆ ಅಡ್ಡ ಬರುತ್ತಿತ್ತು, ಮೇಡಂ ಅದನ್ನು ತೆಗೆದು ಪ್ರಿನ್ಸಿಪಾಲರ ಕೈಗೇ ಕೊಟ್ಟರು. ಸಂಜೆ ಕತ್ತಲಾಗುವ ಹೊತ್ತು. ಬಯಲು ತುಂಬ ಜನ. ಮೇಡಂ ಸ್ಪೇಸ್ ಒತ್ತುತ್ತ ಇಂಗ್ಲಿಷ್ ವರದಿ ಓದತೊಡಗಿದರು. ಯಾರಿಗೂ ಅರ್ಥವಾಗದಿದ್ದರೂ ಗಾಂಭೀರ್ಯ ಎಲ್ಲರಿಗೂ ತಟ್ಟಿತು. ಅರ್ಧ ಆಗಿತ್ತು, ಕರೆಂಟು ಹೋಯಿತು.

ದೀಪ, ಮೈಕು, ಪರದೆ ಎಲ್ಲ ಒಟ್ಟಿಗೆ ಆರಿದವು. ಗದ್ದಲವೆದ್ದಿತು. ಅವರು ಸುಮ್ಮನೆ ಕೂತಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಆ ಕತ್ತಲೆಯಲ್ಲಿ ಅವರಿಗೆ ಏನನ್ನಿಸಿತೋ, ಇಷ್ಟು ದಿನ ಹೊತ್ತದ್ದು ಸಾಕೆನ್ನಿಸಿತೋ, ಎದ್ದು ನಿಂತು ಗಟ್ಟಿಯಾಗಿ ಹೇಳಿಬಿಟ್ಟರು:

“ನನಗ ಕಾಣವಲ್ದ್ರಿ!”

ಮುಂದಿನ ಸಾಲಿನಿಂದ ಅಧ್ಯಕ್ಷರ ದನಿ ಬಂತು. “ಯಾರಿಗೂ ಕಾಣವಲ್ದು ಮೇಡಮ್ಮೋರೆ! ಕರೆಂಟ್ ಹೋಗೈತಿ, ಕುಂದರ್ರಿ!”

ಬಯಲಿಗೆ ಬಯಲೇ ನಕ್ಕಿತು. ಮೇಡಂ ಕೂಡಲಿಲ್ಲ.

“ಕರೆಂಟ್ ಇದ್ರೂ ಕಾಣಂಗಿಲ್ರಿ ನನಗ! ಕಣ್ಣಿಗೆ ಪೊರಿ ಬಂದೈತಿ!”

ನಗು ನಿಂತಿತು. ನಾನು ಕತ್ತಲೆಯಲ್ಲೇ ಅವರ ಕುರ್ಚಿಯ ಕಡೆ ಸರಿದೆ. ಆಗ ಅಧ್ಯಕ್ಷರು ಮತ್ತೆ ಮಾತಾಡಿದರು. “ಅಷ್ಟೇ ಏನ್ರಿ? ನಾ ಏನೋ ಅಂದ್ಕೊಂಡೆ. ನಮ್ಮವ್ವಗೂ ಬಂದಿತ್ತು, ತೆಗಿಸಿ ಒಗದ್ವಿ.”

“ದಾವಣಗೆರಿಗೆ ಹೋಗ್ರಿ ಮೇಡಂ,” ಎಂದಿತು ಹಿಂದಿನಿಂದ ಒಂದು ದನಿ.

“ಬ್ಯಾಡ್ರಿ, ಬಳ್ಳಾರಿ ಛಲೋ. ನಮ್ಮ ಮಾವಗ ಅಲ್ಲೇ ಮಾಡ್ಸಿದ್ದು, ಈಗ ಸೂಜಿಗೆ ದಾರ ಪೋಣಿಸ್ತಾನ.”

“ಲೇ, ನಿಮ್ಮ ಮಾವ ಮೊನ್ನಿ ನನ್ನ ಗುರುತೇ ಹಿಡೀಲಿಲ್ಲ!”

“ಅದು ಕಣ್ಣಿನ ದೋಷ ಅಲ್ಲಪ, ನಿನ್ನ ಹಳೇ ಬಾಕಿ!”

ಕರೆಂಟು ಬರುವತನಕ ಕೊಟ್ಟೂರು, ಹಡಗಲಿ, ಕೂಡ್ಲಿಗಿಯ ಜನರೆಲ್ಲ ಕತ್ತಲೆಯಲ್ಲಿ ಕೂತು ಮೇಡಂ ಕಣ್ಣಿನ ಚಿಕಿತ್ಸೆಯ ಬಗ್ಗೆ ಚರ್ಚಿಸಿದರು. ಗಾಳಿಗೆ ಹೋಗಬಾರದು, ತಲೆಗೆ ನೀರು ಹಾಕಬಾರದು, ಹುಳಿ ಮುಟ್ಟಬಾರದು. ದೀಪ ಬಂದಾಗ ಮೇಡಂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದರು. ಯಂತ್ರ ಎದ್ದು ಬರಲು ತುಸು ಹೊತ್ತು ಹಿಡಿಯಿತು. ಬಂದ ಮೇಲೆ, ತಾವು ನಿಲ್ಲಿಸಿದ್ದ ಪದವನ್ನೇ ಹುಡುಕಿ ತೆಗೆದು, ಅದೇ ವಾಕ್ಯದಿಂದ ಓದು ಮುಂದುವರಿಸಿದರು. ಆ ಇಂಗ್ಲಿಷ್ ವರದಿಗೆ ಬಿದ್ದಷ್ಟು ಚಪ್ಪಾಳೆ ಆವತ್ತು ಹುಡುಗಿಯರ ಕೋಲಾಟಕ್ಕೂ ಬೀಳಲಿಲ್ಲ.

ಲ್ಯಾಬಿನ ಕೀಲಿಯನ್ನು ಯಾರೂ ಕೇಳಲಿಲ್ಲ. ಪ್ರಿನ್ಸಿಪಾಲರೇ ರಜೆ ಬರೆಸಿ ಕಳಿಸಿದರು. ಕಡೆಗೆ ಗೆದ್ದದ್ದು ದಾವಣಗೆರೆಯ ಪಕ್ಷ. ಆಪರೇಷನ್ ದಿನ ನಾನೂ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಅವರ ಗಂಡ ಮಡಿಚಿದ ಪೇಪರು ಹಿಡಿದು ಕೂತಿದ್ದರು. ಆಮೇಲೆ ಅವರು ಪೇಪರು ಬಿಡಿಸಿ, ತಮಗೆ ತಾವೇ ಎಂಬಂತೆ ಹೇಳಿದರು: “ದಿನಾ ಮುಂಜಾನೆ ಆಕಿಗೆ ಪೇಪರ್ ಓದಿ ಹೇಳ್ತಿದ್ದೆ. ನಿಮ್ಮ ಉಚ್ಚಾರ ಭಾಳ ಛಲೋ ಐತಿ ಅಂತಿದ್ಲು.”

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. “ನಿಮಗೂ?” ಎಂದರು. ಆಸ್ಪತ್ರೆಯ ನರ್ಸು ಬಂದು ಗದರುವತನಕ ನಮಗೆ ನಗು ತಡೆಯಲಾಗಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮರಳಿ ಕಾಲೇಜಿಗೆ ಬಂದವರು ಮೊದಲು ಮಾಡಿದ ಕೆಲಸ ನೋಟಿಸ್ ಬೋರ್ಡಿನ ಮುಂದೆ ನಿಂತು ಎಲ್ಲವನ್ನೂ ಓದಿದ್ದು. “ಇಷ್ಟು ತಪ್ಪು ಇರ್ತಿದ್ವೇನ್ರಿ ಇದ್ರಾಗ? ನೀವು ಓದುವಾಗ ಒಂದೂ ಇರಲಿಲ್ಲ!” ಎಂದರು. ನಾನು ಓದುತ್ತ ಓದುತ್ತಲೇ ತಿದ್ದಿಬಿಡುತ್ತಿದ್ದೆ. ಅದು ನನ್ನ ಕಸುಬಿನ ರೋಗ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೂದ್ಲೆಲ್ಲ ಬೆಳ್ಳಗಾಗ್ಯಾವ, ನನಗ ಹೇಳ್ಲೇ ಇಲ್ಲ,” ಎಂದು ಆಕ್ಷೇಪಿಸಿದರು.

ಎರಡು ವರ್ಷ ಕಳೆದು ಬಣ್ಣದ ಕಂಪ್ಯೂಟರುಗಳು ಬಂದೇ ಬಂದವು. ಈ ಸಲ ಅವರು ಬೇಡವೆನ್ನಲಿಲ್ಲ. ಮೊದಲನೆಯದನ್ನು ಚಾಲೂ ಮಾಡಿದ ದಿನ ಹುಡುಗಿಯರೆಲ್ಲ ಸುತ್ತ ನೆರೆದಿದ್ದರು. ಪರದೆಯ ತುಂಬ ಹಸಿರು ದಿಬ್ಬ, ಅದರ ಮೇಲೆ ನೀಲಿ ಆಕಾಶ, ಬಿಳಿ ಮೋಡ. ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅಷ್ಟು ಹೊತ್ತು ಅವರು ಸುಮ್ಮನೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಡೆಗೆ ತಲೆಯಾಡಿಸಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು.

“ಹುಲ್ಲು ಛಲೋ ಬೆಳದೈತಿ,” ಎಂದರು. “ಇನ್ನ ಓದಾಕ ಏನೈತಿ, ಅದನ್ನ ತೆಗೀರಿ.”